ಜೋಡಿ ತೊಟ್ಟಿಲಿನ ಜಾಗ

ಮೇಸ್ತ್ರಿಯ ಮನೆಯ ಬಾಗಿಲು ತೆಗೆದು ಒಳಗೆ ಹೋಗುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಮೊದಲು ಬಾಗಿಲಿಗೆ ಭುಜ ಕೊಟ್ಟು ತಳ್ಳಬೇಕು. ಅರ್ಧ ತೆರೆದುಕೊಂಡು ಅದು ಹಿಂದಿರುವ ಬಟ್ಟೆಯ ಗಂಟಿಗೆ ತಗಲಿ ನಿಲ್ಲುತ್ತದೆ. ಆಮೇಲೆ ಸಂದಿಯಲ್ಲಿ ಕೈ ತೂರಿಸಿ ಗಂಟನ್ನು ಆಚೆ ನೂಕಿ, ಹೊಟ್ಟೆಯನ್ನು ಒಳಗೆಳೆದುಕೊಂಡು ಅಡ್ಡಡ್ಡವಾಗಿ ನುಸುಳಬೇಕು. ನುಸುಳಿದ ಮೇಲೆ ಒಂದು ಕಾಲಿಗೆ ಜಾಗ ಸಿಗುತ್ತದೆ. ಇನ್ನೊಂದು ಕಾಲು ತನ್ನ ಸರದಿಗಾಗಿ ಹೊರಗೇ ಕಾಯಬೇಕು. ಇಷ್ಟೆಲ್ಲ ಸರ್ಕಸ್ಸು ಮುಗಿಸಿ ಮೇಸ್ತ್ರಿ ಉಸಿರು ಬಿಡುವ ಹೊತ್ತಿಗೆ ಒಳಗಿನಿಂದ ಹೆಂಡತಿ, "ಬಾಗಿಲು ಸರಿಯಾಗಿ ಹಾಕಿದ್ರಾ?" ಎಂದು ಕೇಳುತ್ತಾಳೆ.

ಆಕೆಗೆ ದಿನ ತುಂಬುತ್ತ ಬಂದಂತೆ ಈ ವಿದ್ಯೆ ಕೈಕೊಟ್ಟಿತು. ಅಡ್ಡ ತಿರುಗಿ ನುಸುಳುವುದು ಉಳಿದವರಿಗೆ ಅನುಕೂಲ. ಹೊಟ್ಟೆಯಲ್ಲಿ ಎರಡು ಮಕ್ಕಳನ್ನು ಇಟ್ಟುಕೊಂಡವಳು ಅಡ್ಡ ತಿರುಗಿದಷ್ಟೂ ಅಗಲವಾಗುತ್ತಾಳೆ.

ಇದರಲ್ಲಿ ನಗೆಪಾಟಲಿನ ಸಂಗತಿ ಏನೆಂದರೆ ಮನೆ ಖಾಲಿ ಮಾಡುವುದೇ ಮೇಸ್ತ್ರಿಯ ಕಸುಬು. ಮನೆ ಬದಲಾಯಿಸುವವರ ಸಾಮಾನು ಕಟ್ಟಿ, ಲಾರಿಗೇರಿಸಿ, ಹೊಸ ಮನೆಯಲ್ಲಿ ಇಳಿಸಿಕೊಡುವ ಕಂಪನಿಯಲ್ಲಿ ಅವನು ದೊಡ್ಡ ಹೆಸರು ಮಾಡಿದವನು. ಯಾರದೇ ಮನೆಯಾಗಲಿ, ಹೊಸ್ತಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಎಷ್ಟು ಪೆಟ್ಟಿಗೆ ಬೇಕು, ಎಷ್ಟು ಹಗ್ಗ ಬೇಕು, ಗಂಡ ಹೆಂಡತಿಗೆ ಯಾವ ಸಾಮಾನಿನ ವಿಷಯದಲ್ಲಿ ಜಗಳವಾಗಲಿದೆ ಎಂಬುದನ್ನೆಲ್ಲ ಅಲ್ಲೇ ಹೇಳಿಬಿಡುತ್ತಿದ್ದ. ತಿರುಚಿಕೊಂಡ ಮೆಟ್ಟಿಲಲ್ಲಿ ಪಿಯಾನೋ ಇಳಿಸಿದ ಕೀರ್ತಿ ಅವನದು. ತೊಟ್ಟಿಯ ಮೀನುಗಳನ್ನು ನೀರು ಸಮೇತ ಊರಾಚೆ ಸಾಗಿಸಿ, ಒಂದೂ ಮೀನು ಮುಖ ಸಿಂಡರಿಸದಂತೆ ನೋಡಿಕೊಂಡಿದ್ದ. ಕಂಪನಿಯಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎಂದು ಕರೆದೂ ಕರೆದೂ ಮನೆಯವರಿಗೂ ಅದೇ ರೂಢಿಯಾಗಿತ್ತು. (ಹೆಂಡತಿ ಮಾತ್ರ ಸಿಟ್ಟು ಬಂದಾಗಷ್ಟೇ ಹಾಗೆ ಕರೆಯುತ್ತಿದ್ದಳು. ಆದ್ದರಿಂದ ಮನೆಯಲ್ಲೂ ಆ ಹೆಸರೇ ಹೆಚ್ಚು ಚಾಲ್ತಿಯಲ್ಲಿತ್ತು.)

ಇಂಥ ಪ್ರಚಂಡ ತನ್ನ ಸ್ವಂತ ಮನೆಯಲ್ಲಿ ಒಂದು ಕಡ್ಡಿಯನ್ನೂ ಈ ಕಡೆಯಿಂದ ಆ ಕಡೆಗೆ ಇಡುವಂತಿರಲಿಲ್ಲ. ಅದಕ್ಕೆ ಕಾರಣ ಮನೆಯ ಮಂದಿ, ಅಂತ ಅವನ ದೂರು.

ಮೊದಲನೆಯವರು ಅವನ ಅಮ್ಮ. ಲೋಕದಲ್ಲಿ ಯಾರಿಗೂ ಬೇಡವಾದ ಡಬ್ಬ, ಬಾಟಲಿ, ಮುಚ್ಚಳಗಳಿಗೆಲ್ಲ ಅವರು ಆಶ್ರಯದಾತೆ. ಅವರ ಬಳಿ ಮುಚ್ಚಳವಿಲ್ಲದ ಡಬ್ಬಗಳಿದ್ದವು, ಡಬ್ಬವಿಲ್ಲದ ಮುಚ್ಚಳಗಳಿದ್ದವು. ಒಂದಲ್ಲ ಒಂದು ದಿನ ಇವೆರಡಕ್ಕೂ ಜೋಡಿ ಕೂಡಿಬರುತ್ತದೆ ಎಂದು ವರ್ಷಗಳಿಂದ ನಂಬಿಕೊಂಡು ಕೂತಿದ್ದರು. ಎರಡನೆಯವರು ಮಾವ, ಅಂದರೆ ಹೆಂಡತಿಯ ಅಪ್ಪ. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು ಅಂಗಡಿ ಮುಚ್ಚಿ ಮಗಳ ಮನೆಗೆ ಬಂದರು. ಬರುವಾಗ ಅಂಗಡಿಯನ್ನೂ ಜೊತೆಗೆ ತಂದರು. ಆ ರೇಡಿಯೋಗಳಲ್ಲಿ ಒಂದಕ್ಕೂ ಸೊಲ್ಲಿಲ್ಲ. ಆದರೂ ಬೆಳಿಗ್ಗೆ ಎದ್ದು ಒಂದೊಂದರ ತಲೆ ಮೊಟಕಿ ಯೋಗಕ್ಷೇಮ ವಿಚಾರಿಸದಿದ್ದರೆ ಮಾವನಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವಳು. ಹೊಲಿಗೆಯ ಯಂತ್ರ, ಅದರ ಸುತ್ತ ಚೂರುಬಟ್ಟೆಯ ಗಂಟುಗಳು ಅವಳ ಪಾಲಿನ ಸಾಮ್ರಾಜ್ಯ. ಇನ್ನು ಆರು ವರ್ಷದ ಮಗಳು ಪುಟ್ಟಿ. ಅವಳಿಗೆ ದಾರಿಯಲ್ಲಿ ಸಿಕ್ಕ ಕಲ್ಲುಗಳ ಸಂಸಾರವಿತ್ತು. ಅದರಲ್ಲಿ ಅಜ್ಜಿಕಲ್ಲು, ಟೀಚರ್ ಕಲ್ಲು, ಶೀತವಾದ ಕಲ್ಲು, ಹೋಂವರ್ಕ್ ಮಾಡದ ಕಲ್ಲು ಎಲ್ಲವೂ ಇದ್ದವು. ಒಂದನ್ನು ಒದ್ದರೆ ಇಡೀ ಕುಟುಂಬದ ಪರವಾಗಿ ಅವಳು ಅಳುತ್ತಿದ್ದಳು.

ಮೇಸ್ತ್ರಿಯ ಲೆಕ್ಕದಲ್ಲಿ ಈ ಮನೆಯಲ್ಲಿ ಸಾಮಾನೇ ಇಲ್ಲದ ವಿರಾಗಿ ಅವನೊಬ್ಬನೇ.

(ನಡುಕೋಣೆಯ ಗೋಡೆಯುದ್ದಕ್ಕೂ ನಿಂತಿದ್ದ ಮರದ ಬೀರು ಅವನದು. ಕಿಟಕಿ ತೆರೆಯದಂತೆ ಅಡ್ಡ ಕೂತಿದ್ದ ಆರಾಮಕುರ್ಚಿಯೂ ಅವನದು. ಹೊಟ್ಟೆ ಕರಗಿಸಲೆಂದು ತಂದು, ಎರಡು ದಿನ ತುಳಿದು, ಆಮೇಲೆ ಅಂಗಿ ನೇತುಹಾಕಲು ಇಟ್ಟುಕೊಂಡ ವ್ಯಾಯಾಮದ ಸೈಕಲ್ಲು, ಒಂದೊಂದು ಕೆಲಸದ ನೆನಪಿಗೆಂದು ಕೂಡಿಟ್ಟ ಹಗ್ಗದ ಸುರುಳಿಗಳು, ಸಾಮಾನಿಗೆ ಹೊದಿಸುವ ಹಳೆಯ ಕಂಬಳಿಗಳ ರಾಶಿ, ಇವೂ ಅವನವೇ. ಆದರೆ ಕೇಳಿದರೆ ಅವನ್ನೆಲ್ಲ 'ಉಪಕರಣ' ಎನ್ನುತ್ತಿದ್ದ. ಸಾಮಾನು ಎಂದರೆ ಉಳಿದವರದು.)

ಡಾಕ್ಟರು ಅವಳಿ ಮಕ್ಕಳು ಎಂದು ಹೇಳಿದ ದಿನ ಮೇಸ್ತ್ರಿ ಬೀದಿಯ ಬೆಕ್ಕಿಗೂ ಸುದ್ದಿ ಹೇಳಿ ಬಂದ. ಹೆಂಡತಿ ಮಾತ್ರ ನಡುಕೋಣೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಒಳಗೆ ನೋಡಿದಳು. ಆಮೇಲೆ ಒಂದು ದಿನ ಕಡ್ಡಿ ಮುರಿದಂತೆ ಹೇಳಿದಳು.

"ಏನ್ರೀ, ಇಲ್ಲಿ ಎರಡು ತೊಟ್ಟಿಲು ಎಲ್ಲಿ ಇಡ್ತೀರಿ?"

"ಒಂದರ ಮೇಲೆ ಒಂದು ಇಟ್ರಾಯ್ತು. ಗೋದಾಮಲ್ಲಿ ನಾವು ಮಂಚಾನೇ ಹಾಗೆ ಇಡ್ತೀವಿ."

"ನಾನು ತಮಾಷೆ ಮಾಡ್ತಿಲ್ಲ. ಆಸ್ಪತ್ರೆಯಿಂದ ಬರೋ ಹೊತ್ತಿಗೆ ಈ ಕೋಣೇಲಿ ಎರಡು ತೊಟ್ಟಿಲು ಹಿಡಿಯೋಷ್ಟು ಜಾಗ ಇರ್ಬೇಕು. ಇಲ್ಲಾಂದ್ರೆ ಮಕ್ಕಳನ್ನ ಕರ್ಕೊಂಡು ಅಲ್ಲಿಂದಾನೇ ಸೀದಾ ಅಕ್ಕನ ಮನೆಗೆ ಹೋಗ್ತೀನಿ. ಮಕ್ಕಳು ಅಂಬೆಗಾಲು ಇಡೋವರೆಗೂ ಅಲ್ಲೇ ಇರ್ತೀನಿ. ಭಾವ ಆಗ್ಲೇ ಒಂದು ಕೋಣೆ ಬಿಡಿಸಿ ಇಟ್ಟಿದಾರಂತೆ."

ಮೇಸ್ತ್ರಿಗೆ ಎದೆಯ ಮೇಲೆ ಪಿಯಾನೋ ಇಟ್ಟಂತಾಯಿತು. ಹೆಂಡತಿಯ ಭಾವ ಎಂದರೆ ಇವನ ಷಡ್ಡಕ. ಮನೆ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಸಿಕ್ಕಾಗಲೆಲ್ಲ "ಏನು, ಇನ್ನೂ ಬೇರೆಯವರ ಮಂಚ ಹೊರ್ತಾ ಇದೀಯಾ?" ಎಂದು ಬೆನ್ನು ತಟ್ಟುವ ಆಸಾಮಿ. ತನ್ನ ಮಕ್ಕಳು ಮೊದಲ ಬಾರಿ ನಗುವುದು ಆ ಷಡ್ಡಕನ ಮೀಸೆಯನ್ನು ನೋಡಿಯೇ? ಅದಕ್ಕಿಂತ ಹೆಚ್ಚಾಗಿ, ಸಂಜೆ ಮನೆಗೆ ಬಂದರೆ ಬಾಗಿಲು ಹಾಕಿದ್ರಾ ಎಂದು ಕೇಳುವವಳೇ ಇಲ್ಲದಿದ್ದರೆ ಹೇಗೆ? ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಮೇಸ್ತ್ರಿಯ ಘನತೆ ಏನಾಗಬೇಕು?

"ಇಷ್ಟೇ ತಾನೆ," ಎಂದ. "ಕೋಣೆ ಖಾಲಿ ಆಯ್ತು ಅಂತ ಬರೆದಿಟ್ಕೋ."

ಮಾರನೆಯ ದಿನ ಅಮ್ಮನಿಂದಲೇ ಶುರುಮಾಡಿದ.

"ಅಮ್ಮ, ಈ ಡಬ್ಬಗಳೆಲ್ಲ ಖಾಲಿ ಅಲ್ವಾ?"

"ಖಾಲಿ ಇರ್ಲಿ ಅಂತಾನೇ ಅಲ್ವೇನೋ ಇಟ್ಟಿರೋದು? ತುಂಬಿಟ್ರೆ ನಾಳೆ ಏನಾದ್ರೂ ಹಾಕೋಕೆ ಡಬ್ಬಕ್ಕೆ ಎಲ್ಲಿಗೆ ಹೋಗ್ಲಿ?"

"ಮುಚ್ಚಳ ಇಲ್ಲದ್ದನ್ನಾದ್ರೂ ಬಿಸಾಡೋಣ."

"ನಿಂಗೆ ಹಲ್ಲು ಬರೋದು ತಡ ಆಯ್ತು. ನಾನು ನಿನ್ನ ಬಿಸಾಡಿದ್ನಾ?"

ಕೈಯಲ್ಲಿದ್ದ ಡಬ್ಬವನ್ನು ಇದ್ದಲ್ಲೇ ಇಟ್ಟು ಅವನು ಮಾವನ ಬಳಿ ಬಂದ. ಮಾವ ಒಂದು ರೇಡಿಯೋವನ್ನು ಮಡಿಲಲ್ಲಿ ಮಲಗಿಸಿಕೊಂಡು ಅದರ ಬೆನ್ನು ಬಿಚ್ಚುತ್ತಿದ್ದರು.

"ಮಾವ, ಇಷ್ಟರಲ್ಲಿ ಹಾಡೋದು ಯಾವುದಾದ್ರೂ ಇದ್ಯಾ?"

"ಹಾಡೋದಾದ್ರೆ ನನ್ನ ಹತ್ರ ಯಾಕೆ ಇರುತ್ತೆ ಅಳಿಯಂದ್ರೆ? ಕೆಟ್ಟಿದ್ರೆ ತಾನೆ ರಿಪೇರಿಯವನಿಗೆ ಬೆಲೆ."

"ಒಂದೆರಡನ್ನ ಗೋದಾಮಿಗೆ ಕಳಿಸಿದ್ರೆ..."

"ಧಾರಾಳವಾಗಿ ಕಳಿಸಿ. ನಾನೂ ಅವುಗಳ ಜೊತೆ ಹೋಗ್ತೀನಿ. ಮಗಳಿಗೆ ನೀವೇ ಒಂದು ಮಾತು ಹೇಳಿಬಿಡಿ."

ಅವರ ಮಗಳಿಗೆ ಹೇಳುವ ಧೈರ್ಯವಿದ್ದಿದ್ದರೆ ಈ ಕಥೆಯೇ ಬೇಕಿರಲಿಲ್ಲ. ಪುಟ್ಟಿಯ ಬಳಿ ಹೋದಾಗ ಅವಳು ಬಾಯಿಗೆ ಬೆರಳಿಟ್ಟು, "ಮಾತಾಡಬೇಡ ಅಪ್ಪ, ಶೀತದ ಕಲ್ಲು ಈಗ ತಾನೆ ಮಲಗಿದೆ" ಎಂದಳು. ಮೇಸ್ತ್ರಿ ತುದಿಗಾಲಲ್ಲಿ ಹಿಂದೆ ಸರಿದ. ಸರಿದು ಆರಾಮಕುರ್ಚಿಯಲ್ಲಿ ಕುಸಿದು ಕೂತ. ಕಾಲು ಚಾಚಲು ಜಾಗವಿಲ್ಲದೆ ಅದನ್ನು ವ್ಯಾಯಾಮದ ಸೈಕಲ್ಲಿನ ಮೇಲಿಟ್ಟ. ಈ ಭಂಗಿಯಲ್ಲಿ ಕೂತು, ಇವರಿಗೆಲ್ಲ ಸಾಮಾನಿನ ವ್ಯಾಮೋಹ ಎಷ್ಟೊಂದು ಎಂದು ಮನುಷ್ಯಕುಲದ ಬಗ್ಗೆ ಮರುಗಿದ.

ಮರುಗುತ್ತಿರುವಾಗಲೇ ತಲೆಯಲ್ಲಿ ದೀಪ ಹತ್ತಿತು.

ಅವನ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿಗಳ ಮನೆಯಲ್ಲಿ ಯಾವುದನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ಕೇಳುತ್ತ ಕೂತರೆ ಬೆಳಗಾದದ್ದು ಸಂಜೆಯಾಗುತ್ತದೆ. ಅದಕ್ಕೆ ಮೇಸ್ತ್ರಿಯೇ ಒಂದು ಉಪಾಯ ಕಂಡುಹಿಡಿದಿದ್ದ. ಯಾವ ಸಾಮಾನು ಲಾರಿಗೆ ಹೋಗಬಾರದೋ ಅದರ ಪಕ್ಕದಲ್ಲಿ ಮನೆಯವರೊಬ್ಬರು ನಿಂತುಕೊಳ್ಳಬೇಕು. ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಆಳುಗಳು ತುಟಿಪಿಟಕ್ಕೆನ್ನದೆ ಎತ್ತುತ್ತಾರೆ. ಮಾತಿಲ್ಲ, ಕತೆಯಿಲ್ಲ. ಈ 'ಕಾವಲು ಪದ್ಧತಿ'ಯನ್ನು ಅವನು ತನ್ನ ಕೈಕೆಳಗಿನ ಉದ್ದಣ್ಣನಿಗೂ ದಪ್ಪಣ್ಣನಿಗೂ ಎಷ್ಟು ಚೆನ್ನಾಗಿ ಕಲಿಸಿದ್ದನೆಂದರೆ, ಒಮ್ಮೆ ಗಿರಾಕಿಯೊಬ್ಬರು ಕಾವಲು ಬಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಅವರ ಊಟದ ಮೇಜು ತಟ್ಟೆಯ ಸಮೇತ ಲಾರಿ ಏರಿತ್ತು.

ಅಂದು ಊಟಕ್ಕೆ ಕೂತಾಗ ಮೇಸ್ತ್ರಿ ಕೈಯಲ್ಲಿ ಚಮಚ ಹಿಡಿದು ಎದ್ದು ನಿಂತ.

"ನೋಡಿ, ನಾನು ಯಾರಿಗೂ ಬಲವಂತ ಮಾಡೋನಲ್ಲ. ಬರೋ ಬುಧವಾರ ಲಾರಿ ಬರುತ್ತೆ. ಯಾರಿಗೆ ಯಾವುದು ಬೇಕೋ ಅದರ ಪಕ್ಕ ನಿಂತ್ಕೊಳ್ಳಿ. ಪಕ್ಕ ಯಾರೂ ಇಲ್ಲ ಅಂದ್ರೆ ಅದು ಯಾರಿಗೂ ಬೇಡ ಅಂತ ಅರ್ಥ. ಅದು ಗೋದಾಮಿಗೆ ಹೋಗುತ್ತೆ. ಒಪ್ಪಿಗೇನಾ?"

"ನಿಂತ್ಕೋಬೇಕೋ, ಕೂತ್ಕೋಬಹುದೋ?" ಎಂದು ಅಮ್ಮ ಕೇಳಿದರು.

"ಕೂತ್ಕೋಬಹುದು."

"ಹಾಗಾದ್ರೆ ಸರಿ."

ಎಲ್ಲರೂ ತಲೆಯಾಡಿಸಿದರು. ಮೇಸ್ತ್ರಿ ಒಳಗೊಳಗೇ ನಕ್ಕ. ಯಾಕೆಂದರೆ ಬುಧವಾರ ಮಧ್ಯಾಹ್ನದ ಹೊತ್ತನ್ನು ಅವನು ಸುಮ್ಮನೆ ಆರಿಸಿರಲಿಲ್ಲ. ಆ ಹೊತ್ತಿನಲ್ಲಿ ಪುಟ್ಟಿ ಶಾಲೆಯಲ್ಲಿರುತ್ತಾಳೆ. ಮಾವ ವಾಚನಾಲಯಕ್ಕೆ ಹೋಗಿ ಪತ್ರಿಕೆಯ ಕೆಳಗೆ ಗೊರಕೆ ಹೊಡೆಯುತ್ತಿರುತ್ತಾರೆ. ಅಮ್ಮ ಮಲಗಿದರೆ ಮನೆಯನ್ನೇ ಲಾರಿಗೇರಿಸಿದರೂ ಏಳುವವರಲ್ಲ. ಹೆಂಡತಿಗೆ ಮಾತ್ರ ಗುಟ್ಟು ಹೇಳಿದ.

"ಪಾಪ, ಅವರಿಗೆಲ್ಲ ಮೋಸ ಅಲ್ವೇನ್ರೀ ಇದು?" ಎಂದಳು ಅವಳು.

"ಮೋಸ ಅಲ್ಲ, ವ್ಯವಸ್ಥಾಪನೆ."

"ನನ್ನ ಮೆಷಿನ್ನು?"

"ಅದರ ಪಕ್ಕ ಖುದ್ದು ನಾನೇ ನಿಂತಿರ್ತೀನಿ. ಅದಕ್ಕೇ ರಜೆ ಹಾಕಿದೀನಿ."

ಬುಧವಾರ ಬೆಳಿಗ್ಗೆ ಮೇಸ್ತ್ರಿ ಸೀಟಿ ಹೊಡೆಯುತ್ತ ಮುಖ ತೊಳೆಯುತ್ತಿದ್ದ. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಸಮಯವಿತ್ತು. ಆದರೆ ಒಳಗಿದ್ದ ಮಕ್ಕಳಿಗೆ ಕ್ಯಾಲೆಂಡರ್ ತೋರಿಸುವವರು ಯಾರು? ಹೆಂಡತಿ ಗೋಡೆ ಹಿಡಿದು ಬಂದು, "ಹೊರಡೋಣ, ಬೇಗ" ಎಂದಳು. ಮೇಸ್ತ್ರಿಯ ಸೀಟಿ ಅರ್ಧಕ್ಕೆ ನಿಂತುಹೋಯಿತು. ಅಮ್ಮ ಚೀಲ ತಂದರು, ಮಾವ ಟ್ಯಾಕ್ಸಿ ತಂದರು, ಪುಟ್ಟಿ ಅಜ್ಜಿಕಲ್ಲನ್ನು ತಂದು ತನ್ನ ತಾಯಿಯ ಕೈಗಿಟ್ಟಳು. ಎಲ್ಲವೂ ಸುಸೂತ್ರವಾಗಿ ನಡೆದು ಬಾಗಿಲ ಬಳಿ ಬಂದು ನಿಂತಿತು. ಬಾಗಿಲು ಅರ್ಧ ತೆರೆದು ಗಂಟಿಗೆ ತಗಲಿಕೊಂಡಿತ್ತು.

ಗಾಬರಿಯಲ್ಲಿ ಮನುಷ್ಯನ ಕೈಹಿಡಿಯುವುದು ಕಸುಬೊಂದೇ. ಮೇಸ್ತ್ರಿ ಹೊರಗೆ ನಿಂತು ಎರಡೂ ಕೈ ಚಾಚಿದ. "ಸ್ವಲ್ಪ ಓರೆ ಮಾಡಿ... ಎಡಕ್ಕೆ, ಇನ್ನೂ ಎಡಕ್ಕೆ... ಮೂಲೆ ನೋಡ್ಕೊಳ್ಳಿ, ತಗಲುತ್ತೆ... ಹಾಂ, ಬಿಡಿ, ಬಿಡಿ."

"ನಾನೇನು ಬೀರು ಏನ್ರೀ?" ಎಂದಳು ಹೆಂಡತಿ ನೋವಿನ ಮಧ್ಯೆಯೂ.

ಮಾವ ಗಂಟನ್ನೇ ಎತ್ತಿ ಒಳಗೆ ಎಸೆದ ಮೇಲೆ ದಾರಿಯಾಯಿತು. ಟ್ಯಾಕ್ಸಿ ಹತ್ತುವಾಗ ಹೆಂಡತಿ, "ನೀವೆಲ್ಲ ಮನೇಲೇ ಇರಿ, ಫೋನ್ ಮಾಡ್ತೀವಿ" ಎಂದಳು. ಹೀಗಾಗಿ ಅಂದು ಪುಟ್ಟಿ ಶಾಲೆಗೆ ಹೋಗಲಿಲ್ಲ, ಮಾವ ವಾಚನಾಲಯಕ್ಕೆ ಹೋಗಲಿಲ್ಲ, ಅಮ್ಮನಿಗೆ ನಿದ್ದೆ ಬರಲಿಲ್ಲ. ಮೂವರೂ ಫೋನಿನ ಮುಖ ನೋಡುತ್ತ ಮನೆಯಲ್ಲೇ ಕೂತರು. ಮೇಸ್ತ್ರಿಗೆ ಇದು ಹೊಳೆಯಲೂ ಇಲ್ಲ, ಲಾರಿಯೂ ನೆನಪಿರಲಿಲ್ಲ.

ನೆನಪಾದದ್ದು ಉದ್ದಣ್ಣನ ಫೋನು ಬಂದಾಗ. ಹೆರಿಗೆಯ ಕೋಣೆಯ ಮುಂದೆ ಮೇಸ್ತ್ರಿ ಅತ್ತಿಂದಿತ್ತ ತಿರುಗಿ ನೆಲ ಸವೆಸುತ್ತಿದ್ದ.

"ಮೇಸ್ತ್ರಿ, ಮನೆ ಮುಂದೆ ಬಂದ್ವಿ. ಶುರು ಮಾಡ್ಲಾ? ಪಕ್ಕ ಯಾರೂ ಇಲ್ಲದ್ದನ್ನ ಎತ್ತೋದು ತಾನೆ?"

"ಅದೇ."

"ಅಲ್ಲಾ, ಇಲ್ಲಿ ಒಂದು ಸಣ್ಣ ವಿಷಯ..."

ಅಷ್ಟರಲ್ಲಿ ಬಾಗಿಲು ತೆರೆದು ನರ್ಸಮ್ಮ ತಲೆ ಹೊರಹಾಕಿದರು. "ಎರಡೂ ಹೆಣ್ಣು. ತಾಯಿ, ಮಕ್ಕಳು ಚೆನ್ನಾಗಿದಾರೆ" ಎಂದರು. ಮೇಸ್ತ್ರಿಗೆ ಭೂಮಿ ಆಕಾಶ ಎರಡೂ ಒಂದೇ ಕೋಣೆಯಲ್ಲಿ ಹಿಡಿಸಿದಂತಾಯಿತು. ಕಣ್ಣಲ್ಲಿ ನೀರು, ಕಿವಿಯಲ್ಲಿ ಉದ್ದಣ್ಣ. ಮೇಸ್ತ್ರಿ ಮೂಗು ಒರೆಸಿಕೊಂಡು ಗಂಭೀರವಾಗಿ ಆಜ್ಞೆ ಹೊರಡಿಸಿದ.

"ವಿಷಯ ಗಿಷಯ ಏನೂ ಬೇಡ. ಪದ್ಧತಿ ಅಂದ್ರೆ ಪದ್ಧತಿ. ಯಾರ ಮುಖಾನೂ ನೋಡಬೇಡಿ. ಯಾರು ಏನಂದ್ರೂ ಕಿವಿಗೆ ಹಾಕ್ಕೋಬೇಡಿ. ಪಕ್ಕ ಯಾರೂ ಇಲ್ವಾ, ಎತ್ತಿ."

"ಸರಿ ಮೇಸ್ತ್ರಿ. ನೀವು ದೊಡ್ಡ ಮನಸ್ಸಿನವರು" ಎಂದ ಉದ್ದಣ್ಣ. ಆ ಮಾತು ಯಾಕೆ ಬಂತು ಎಂದು ಮೇಸ್ತ್ರಿ ಯೋಚಿಸಲಿಲ್ಲ. ಹೊಗಳಿಕೆಗೆ ಅವನು ಎಂದೂ ಅಡ್ಡಪ್ರಶ್ನೆ ಕೇಳಿದವನಲ್ಲ.

ಎರಡು ಮಕ್ಕಳನ್ನೂ ನೋಡಿದ. ಬಟ್ಟೆಯಲ್ಲಿ ಸುತ್ತಿದ ಅವು, ಗಾಜಿನ ಸಾಮಾನಿಗಿಂತ ನಾಜೂಕಾಗಿದ್ದವು. ಒಂದು ಮಲಗಿತ್ತು. ಇನ್ನೊಂದು ಹಣೆ ಗಂಟಿಕ್ಕಿ ಅವನನ್ನೇ ನೋಡುತ್ತಿತ್ತು, ಜಾಗ ಮಾಡಿದ್ಯಾ ಎಂದು ಕೇಳುವಂತೆ. "ಮಾಡಿದೀನಿ ಕಂದ" ಎಂದು ಮೇಸ್ತ್ರಿ ಮೆಲ್ಲಗೆ ಹೇಳಿದ.

ಸಂಜೆ ಬಟ್ಟೆ ತರಲು ಮನೆಗೆ ಬಂದ. ಎಂದಿನ ಅಭ್ಯಾಸದಂತೆ ಬಾಗಿಲಿಗೆ ಭುಜ ಕೊಟ್ಟು ತಳ್ಳಿದ. ಹಿಂದೆ ಗಂಟಿರಲಿಲ್ಲವಾದ್ದರಿಂದ ಬಾಗಿಲು ಪೂರ್ತಿ ತೆರೆದುಕೊಂಡಿತು, ಮೇಸ್ತ್ರಿ ಅದೇ ರಭಸದಲ್ಲಿ ನಡುಕೋಣೆಯವರೆಗೂ ಹೋಗಿ ಬೋರಲು ಬಿದ್ದ. ಬಿದ್ದದ್ದು ಬರಿಯ ನೆಲದ ಮೇಲೆ. ಆ ಕೋಣೆಗೆ ನೆಲವಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಕಿಟಕಿ ತೆರೆದಿತ್ತು, ಗಾಳಿ ಬರುತ್ತಿತ್ತು. ಎರಡಲ್ಲ, ನಾಲ್ಕು ತೊಟ್ಟಿಲಿಗೂ ಧಾರಾಳ ಜಾಗ. ಬಿದ್ದಲ್ಲೇ ಅವನಿಗೆ ಆನಂದ ಉಕ್ಕಿ ಬಂತು.

ಆನಂದದಿಂದಲೇ ತಲೆ ಎತ್ತಿ ನೋಡಿದ. ಮೂಲೆಯಲ್ಲಿ ಡಬ್ಬಗಳ ಪೆಟ್ಟಿಗೆಯ ಮೇಲೆ ಅಮ್ಮ ಕೂತಿದ್ದರು. ಅವರ ಪಕ್ಕದಲ್ಲಿ ರೇಡಿಯೋಗಳ ಟ್ರಂಕಿನ ಮೇಲೆ ಮಾವ. ಹೊಲಿಗೆಯ ಯಂತ್ರದ ಮೇಜು ಹತ್ತಿ ಪುಟ್ಟಿ, ಸುತ್ತಲೂ ಬಟ್ಟೆಯ ಗಂಟು, ಮಡಿಲ ತುಂಬ ಕಲ್ಲು. ಒಂದು ಮುಚ್ಚಳವೂ ಹೋಗಿರಲಿಲ್ಲ.

ಮೇಸ್ತ್ರಿ ನಿಧಾನವಾಗಿ ಎದ್ದು ಕೂತ. ಇವೆಲ್ಲ ಇಲ್ಲೇ ಇದ್ದರೆ, ಹೋದದ್ದು ಏನು? ಅವನ ಕಣ್ಣು ಕಿಟಕಿಯ ಬಳಿ ಹೋಯಿತು, ಗೋಡೆಯ ಬಳಿ ಹೋಯಿತು.

"ಅಮ್ಮ, ನನ್ನ ಕುರ್ಚಿ?"

"ಅದರ ಪಕ್ಕ ಯಾರೂ ಇರ್ಲಿಲ್ಲ ಕಣೋ."

"ಬೀರು?"

"ಅದರ ಪಕ್ಕಾನೂ."

"ನೀನಾದ್ರೂ ಒಂದು ಗಳಿಗೆ ನಿಂತ್ಕೋಬಾರದಿತ್ತಾ?"

"ನಾನು ಎದ್ದಿದ್ರೆ ಇದು ಹೋಗ್ತಿತ್ತು. ನೀನೇ ಅಲ್ವಾ ಹೇಳಿದ್ದು."

ಮಾವ ಕೆಮ್ಮಿದರು. "ಆ ಉದ್ದಕ್ಕಿರೋರು ಕೇಳಿದ್ರು ಅಳಿಯಂದ್ರೆ. ಇದು ನಮ್ಮ ಮೇಸ್ತ್ರಿದೇ ಅಲ್ವಾ ಅಂದ್ರು. ಆಮೇಲೆ ನಿಮ್ಗೆ ಫೋನ್ ಮಾಡಿದ್ರು. ಯಾರ ಮುಖಾನೂ ನೋಡಬೇಡಿ ಅಂದ್ರಂತಲ್ಲ ನೀವು. ನಮಗೂ ತುಂಬಾ ಅಭಿಮಾನ ಅನ್ನಿಸ್ತು."

"ಸೈಕಲ್ ಹೋಗೋವಾಗ ನಾನು ಟಾಟಾ ಮಾಡಿದೆ ಅಪ್ಪ" ಎಂದಳು ಪುಟ್ಟಿ.

ಬಟ್ಟೆಗಳೆಲ್ಲ ಬೀರುವಿನಲ್ಲಿದ್ದವು, ಬೀರು ಗೋದಾಮಿನಲ್ಲಿತ್ತು. ಮೈಮೇಲಿನ ಅಂಗಿ ಪ್ಯಾಂಟು ಬಿಟ್ಟರೆ ಮೇಸ್ತ್ರಿಗೆ ಈಗ ಇಹದಲ್ಲಿ ಸ್ವಂತದ್ದೆಂಬುದು ಇರಲಿಲ್ಲ. ಉದ್ದಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಉದ್ದಣ್ಣ ಶಾಂತವಾಗಿ, ಲಾರಿ ಬೇರೆ ಊರಿಗೆ ಹೊರಟಿದೆ, ವಾಪಸು ಬಂದ ಕೂಡಲೇ ತಂದುಕೊಡುತ್ತೇವೆ ಎಂದ. ಎಲ್ಲವನ್ನೂ ತಂದರೆ ತೊಟ್ಟಿಲಿಗೆ ಜಾಗವಿರುವುದಿಲ್ಲ, ಹೆಂಡತಿ ಷಡ್ಡಕನ ಮನೆಯ ದಾರಿ ಹಿಡಿಯುತ್ತಾಳೆ. ಮೇಸ್ತ್ರಿ ಎದೆ ಕಲ್ಲು ಮಾಡಿಕೊಂಡು, "ಕುರ್ಚಿ, ಬಟ್ಟೆ, ಅಷ್ಟೇ ತನ್ನಿ. ಮನೆಯವಳಿಗೆ ಗೊತ್ತಾಗಬಾರದು, ಹಿಂದಿನ ಬಾಗಿಲಿಗೆ ಬನ್ನಿ, ಸದ್ದು ಮಾಡಬೇಡಿ" ಎಂದ. ಅಲ್ಲಿಯವರೆಗೆ ಮಾವನ ಪ್ಯಾಂಟು ಹಾಕಿಕೊಂಡ. ಮಾವ ಕುಳ್ಳರು. ಪ್ಯಾಂಟು ಮೊಣಕಾಲು ದಾಟಿ ಸ್ವಲ್ಪ ದೂರ ಬಂದು ಸಾಕೆಂದು ನಿಂತಿತ್ತು.

ಅದೇ ವೇಷದಲ್ಲಿ ಅವನು ಹೆಂಡತಿಯನ್ನೂ ಮಕ್ಕಳನ್ನೂ ಮನೆಗೆ ಕರೆತಂದ.

ಹೆಂಡತಿ ಬಾಗಿಲಲ್ಲಿ ನೆಟ್ಟಗೆ ಒಳಗೆ ಬಂದಳು. ನಡುಕೋಣೆಯ ಹೊಸ್ತಿಲಲ್ಲಿ ನಿಂತಳು. ಅಮ್ಮ, ಮಾವ, ಪುಟ್ಟಿ ಸಾಲಾಗಿ ಗೋಡೆಗೆ ಒರಗಿ ಉಸಿರು ಬಿಗಿಹಿಡಿದಿದ್ದರು. ಅವಳು ಕೋಣೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಪ್ಯಾಂಟನ್ನೂ ನೋಡಿದಳು.

"ನಿಮ್ಮ ಬೀರು ಎಲ್ರೀ? ಕುರ್ಚಿ?"

ನಡೆದದ್ದನ್ನು ಹೇಳಿಬಿಡಬೇಕೆಂದು ಮೇಸ್ತ್ರಿ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಅವಳ ದನಿ ಮೆತ್ತಗಾಯಿತು.

"ಬೇರೆಯವರದ್ದು ಒಂದೂ ಮುಟ್ಟದೆ ನಿಮ್ಮದನ್ನೇ ಕಳಿಸಿಬಿಟ್ರಾ? ಮಕ್ಕಳಿಗೋಸ್ಕರ?"

ತೆರೆದ ಬಾಯಿಯಿಂದ ಬೇರೆಯೇ ಮಾತು ಹೊರಬಂತು. "ಮತ್ತಿನ್ನೇನು? ಅಪ್ಪ ಅಂದ್ಮೇಲೆ ಇಷ್ಟೂ ಮಾಡದಿದ್ರೆ ಹೇಗೆ? ಯಾಕೋ ಇತ್ತೀಚೆಗೆ ನಂಗೆ ಈ ವಸ್ತುಗಳ ಮೇಲೆಲ್ಲ ಆಸೇನೇ ಹೊರಟುಹೋಗಿದೆ."

ಗೋಡೆಯ ಬಳಿ ಮಾವನಿಗೆ ಜೋರಾಗಿ ಕೆಮ್ಮು ಬಂತು. ಮೇಸ್ತ್ರಿ ಅತ್ತ ನೋಡಲಿಲ್ಲ. ಹೆಂಡತಿ ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿ ಗಂಡನ ತ್ಯಾಗವನ್ನು ಬಣ್ಣಿಸಿದಳು. ಅಕ್ಕ ತನ್ನ ಗಂಡನಿಗೆ ಬುದ್ಧಿ ಹೇಳುತ್ತಿರುವುದು ಇಲ್ಲಿಯವರೆಗೂ ಕೇಳಿಸಿತು. ಷಡ್ಡಕ ಬೈಸಿಕೊಳ್ಳುವ ಆ ದನಿ ಮೇಸ್ತ್ರಿಯ ಕಿವಿಗೆ ಜೇನು ಸುರಿದಂತಿತ್ತು. ಮೊದಲಿಗೆ ಸ್ವಲ್ಪ ಇರಿಸುಮುರಿಸಾಗಿದ್ದು ನಿಜ. ಆದರೆ ಫೋನು ಮುಗಿಯುವ ಹೊತ್ತಿಗೆ, ಇದನ್ನೆಲ್ಲ ತಾನು ಬೇಕೆಂದೇ ಮಾಡಿದ್ದು ಎಂದು ಅವನಿಗೇ ನಂಬಿಕೆ ಬಂದಿತ್ತು.

ಆಗ ಮನೆಯ ಮುಂದೆ ಲಾರಿಯ ಹಾರನ್ನು ಕೇಳಿಸಿತು.

ಸದ್ದು ಮಾಡಬೇಡಿ ಎಂದದ್ದನ್ನು ಉದ್ದಣ್ಣ ಪಾಲಿಸಿದ್ದ. ಹಾರನ್ ಹೊಡೆದದ್ದು ದಪ್ಪಣ್ಣ. ಹಿಂದಿನ ಬಾಗಿಲು ಕಿರಿದು, ಕುರ್ಚಿ ಹಿಡಿಯದು ಎಂಬ ವೃತ್ತಿಪರ ತೀರ್ಮಾನಕ್ಕೆ ಬಂದು ಇಬ್ಬರೂ ಆರಾಮಕುರ್ಚಿಯನ್ನು ಮುಂಬಾಗಿಲಿಗೇ ಹೊತ್ತು ತಂದಿದ್ದರು. ಕುರ್ಚಿಯ ಮೇಲೆ ಮೇಸ್ತ್ರಿಯ ಬಟ್ಟೆಗಳ ಪೆಟ್ಟಿಗೆ ಆರಾಮಾಗಿ ಕೂತಿತ್ತು.

"ಮೇಸ್ತ್ರಿ, ಎಲ್ಲಿ ಇಡೋಣ?"

ಹೆಂಡತಿ ಎರಡು ಮಕ್ಕಳನ್ನೂ ಎದೆಗೊರಗಿಸಿಕೊಂಡು ಹಿಂದೆಯೇ ಬಂದು ನಿಂತಳು. ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ.

"ಯಾರ ಮನೆ ಬೇಕಿತ್ತು ನಿಮ್ಗೆ?" ಎಂದ.

ಉದ್ದಣ್ಣ ಕುರ್ಚಿಯ ಆ ಕಡೆಯಿಂದ ಇಣುಕಿದ. "ಏನು ಮೇಸ್ತ್ರಿ ಹೀಗಂತೀರಿ? ಇದು ನಿಮ್ಮ..."

ಮೇಸ್ತ್ರಿ ಕಣ್ಣು ಮಿಟುಕಿಸಿದ. ಒಂದು ಕಣ್ಣು ಸಾಲದೆ ಎರಡನ್ನೂ ಮಿಟುಕಿಸಿದ.

"ಕಣ್ಣಿಗೆ ಏನಾದ್ರೂ ಬಿತ್ತಾ?" ಎಂದು ದಪ್ಪಣ್ಣ ಕಕ್ಕುಲಾತಿಯಿಂದ ಕೇಳಿದ. "ಕುರ್ಚಿ ಇಳಿಸಿ ಊದ್ಲಾ?"

"ಏನೂ ಬಿದ್ದಿಲ್ಲ. ವಿಳಾಸ ತಪ್ಪಿ ಬಂದಿದೀರಿ. ಇಂಥ ಹಳೇ ಕುರ್ಚಿ ನಮ್ಮ ಮನೇಲಿ ಎಲ್ಲಿಂದ ಬರಬೇಕು? ಪಾಪ, ಯಾರೋ ಕಾಯ್ತಿರ್ತಾರೆ. ತಗೊಂಡು ಹೋಗಿ."

"ಬಟ್ಟೆನೂ?"

ಮೇಸ್ತ್ರಿಯ ನೋಟ ಪೆಟ್ಟಿಗೆಯಿಂದ ಇಣುಕುತ್ತಿದ್ದ ತನ್ನ ನೀಲಿ ಅಂಗಿಯ ತೋಳಿನ ಮೇಲೆ ಒಂದು ಗಳಿಗೆ ನಿಂತಿತು. ಆ ತೋಳು ತನ್ನನ್ನು ಕೈಬೀಸಿ ಕರೆದಂತಾಯಿತು. ಮುಖ ಆಚೆ ತಿರುಗಿಸಿಕೊಂಡು, "ಬಟ್ಟೆನೂ" ಎಂದ.

ಉದ್ದಣ್ಣ ದಪ್ಪಣ್ಣರು ಮುಖ ಮುಖ ನೋಡಿಕೊಂಡು ಕುರ್ಚಿಯನ್ನು ತಿರುಗಿಸಿದರು. ಲಾರಿ ಹೊರಟಿತು. ಅದು ಬೀದಿಯ ತಿರುವು ದಾಟುವವರೆಗೂ ಹೆಂಡತಿ ನೋಡುತ್ತ ನಿಂತಳು. ಆಮೇಲೆ ಹೇಳಿದಳು.

"ಛೆ. ನೀವಾಗಿ ನಿಜ ಹೇಳಿದ್ರೆ ಆ ಕುರ್ಚಿ, ಬಟ್ಟೆ ಎರಡನ್ನಾದ್ರೂ ಒಳಗೆ ಇಡಿಸೋಣ ಅಂತಿದ್ದೆ."

"ಏನು ನಿಜ?"

"ಲಾರಿ ಹೋದ ದಿನಾನೇ ಅಪ್ಪ ಆಸ್ಪತ್ರೆಗೆ ಫೋನ್ ಮಾಡಿದ್ರು. ನಗು ತಡ್ಕೊಳ್ಳೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ? ನರ್ಸಮ್ಮ ಬಂದು ನೋವಾ ಅಂತ ಕೇಳಿದ್ರು."

ಮೇಸ್ತ್ರಿ ಬೀದಿಗೆ ಹಾರಿ, ಮಾವನ ಪ್ಯಾಂಟಿನಲ್ಲಿ ಎಷ್ಟು ವೇಗವಾಗಿ ಓಡಲು ಸಾಧ್ಯವೋ ಅಷ್ಟು ವೇಗವಾಗಿ ತಿರುವಿನವರೆಗೆ ಓಡಿದ. ಲಾರಿಯ ಸುಳಿವಿರಲಿಲ್ಲ. ಏದುಸಿರು ಬಿಡುತ್ತ ವಾಪಸು ಬಂದಾಗ ಹೆಂಡತಿ ಹೊಲಿಗೆಯ ಯಂತ್ರದ ಮುಂದಿನ ಸ್ಟೂಲಿನಲ್ಲಿ ಕೂತಿದ್ದಳು. ಅವನನ್ನು ಕಂಡ ಕೂಡಲೇ ಮಕ್ಕಳು ಎರಡೂ ಒಟ್ಟಿಗೆ ಅಳತೊಡಗಿದವು.

"ಅತ್ತೂ ಅತ್ತೂ ಗಂಟಲು ಒಣಗುತ್ತೆ, ಎತ್ಕೊಳ್ಳಿ" ಎಂದು ಅವಳು ಎರಡನ್ನೂ ಅವನ ತೋಳಿಗೆ ದಾಟಿಸಿದಳು. ಒಂದು ಎಡಕ್ಕೆ, ಒಂದು ಬಲಕ್ಕೆ. ಮೇಸ್ತ್ರಿಯ ಕೋಪ, ಕುರ್ಚಿ, ಬಟ್ಟೆ ಎಲ್ಲವೂ ಆ ಬಿಸಿ ಬಿಸಿ ಭಾರದಲ್ಲಿ ಒಂದು ಕ್ಷಣ ಮರೆತುಹೋಯಿತು. ಇವು ಷಡ್ಡಕನ ಮನೆಯಲ್ಲಿಲ್ಲ, ತನ್ನ ಮನೆಯಲ್ಲಿವೆ ಎಂದು ಅವನಿಗೆ ಎದೆ ತುಂಬಿ ಬಂತು. ಕೂತು ಆಡಿಸೋಣವೆಂದು ಸುತ್ತ ನೋಡಿದ. ಅಮ್ಮ ಡಬ್ಬದ ಪೆಟ್ಟಿಗೆಯ ಮೇಲಿದ್ದರು. ಮಾವ ಟ್ರಂಕಿನ ಮೇಲಿದ್ದರು. ಬಟ್ಟೆಯ ಗಂಟಿನ ಮೇಲೆ ಪುಟ್ಟಿಯ ಕಲ್ಲುಗಳು ಮಲಗಿದ್ದವು. ಇರುವುದರಲ್ಲಿ ಖಾಲಿ ಎಂದರೆ ಕೋಣೆಯ ನಡುಮಧ್ಯ ಮಾತ್ರ. ಮೇಸ್ತ್ರಿ ಅಲ್ಲಿಗೆ ಹೋಗಿ ನಿಂತು, ಮೆಲ್ಲಗೆ ಆ ಕಾಲಿನಿಂದ ಈ ಕಾಲಿಗೆ ತೂಗಾಡತೊಡಗಿದ. ಮಕ್ಕಳ ಅಳು ಇಳಿಯಿತು.

ಪುಟ್ಟಿ ಓಡಿಬಂದು ಅವನ ಗಿಡ್ಡ ಪ್ಯಾಂಟಿನ ತುದಿ ಹಿಡಿದು ಎಳೆದಳು.

"ಅಪ್ಪ, ಸ್ವಲ್ಪ ಆಚೆ ಹೋಗಿ ನಿಂತ್ಕೋ. ಅದು ತೊಟ್ಟಿಲು ಇಡೋ ಜಾಗ."